ಕ್ಯಾಂಪರ್ ಹೊತ್ತ ಪಿಕಪ್‌ನ ಕುಲುಕಾಟ

ಸೇತುವೆಯ ಕಾಂಕ್ರೀಟ್ ತುಂಡುಗಳು ಕೂಡುವಲ್ಲಿ ಇರುವ ಸಣ್ಣ ಸಂದನ್ನು ನನ್ನ ಪಿಕಪ್ ಖಾಲಿ ಇದ್ದಾಗ ಟಕ್ಕೆಂದು ದಾಟಿಬಿಡುತ್ತಿತ್ತು. ಬೆನ್ನ ಮೇಲೆ ಕ್ಯಾಂಪರ್ (ಪ್ರವಾಸದಲ್ಲಿ ಉಳಿದುಕೊಳ್ಳಲು ಪುಟ್ಟ ಮನೆಯಂಥ ಪೆಟ್ಟಿಗೆ) ಕೂರಿಸಿದ ಮೇಲೆ ಅದೇ ಸಂದಿನಲ್ಲಿ ಹಿಂಭಾಗ ಒಮ್ಮೆ ಕುಸಿದು, ಎದ್ದು, ಮತ್ತೆ ಕುಸಿಯುವಷ್ಟರಲ್ಲಿ ಮುಂದಿನ ಸಂದು ಎದುರಾಗಿ, ಇಡೀ ವಾಹನ ಅಲೆಯ ಮೇಲಿನ ದೋಣಿಯಂತೆ ತೊನೆಯತೊಡಗಿತು. ಸ್ಟೇರಿಂಗ್ ಬೇರೆ ಹಗುರವಾಗಿತ್ತು.

ಹಿಂಭಾಗ ಜಗ್ಗಿರುವುದು ಕಣ್ಣಿಗೆ ಕಾಣುತ್ತಿದ್ದುದರಿಂದ ನಾನು ಮೊದಲು ಕೈ ಹಾಕಿದ್ದು ಏರ್ ಬ್ಯಾಗಿಗೆ, ಅಂದರೆ ಹಿಂಭಾಗವನ್ನು ಎತ್ತಿಹಿಡಿಯುವ ಗಾಳಿಚೀಲಕ್ಕೆ. ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗಿಗೆ ಆಸರೆಯಾಗಿ ಎರಡು ಬ್ಯಾಗ್ ಕೂರಿಸಿ, 70 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಗಾಳಿ ತುಂಬಿಸಿದೆ. ವಾಹನ ಮಟ್ಟಸವಾಗಿ ನಿಂತಿತು, ಆದರೆ ಸವಾರಿ ಮೊದಲಿಗಿಂತ ಕೆಟ್ಟಿತು. ಸ್ಪ್ರಿಂಗ್ ಭಾರ ಹೊರುತ್ತದೆ. ಅದರ ಓಲಾಟವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರ್. ಸ್ಪ್ರಿಂಗ್ ಬಿಗಿಯಾದಷ್ಟೂ ಜೋರಾಗಿ ಮೇಲಕ್ಕೆ ಒದೆಯುತ್ತದೆ, ಆ ಒದೆತವನ್ನು ತಡೆಯುವ ಶಕ್ತಿ ಶಾಕ್‌ಗೆ ಇರಬೇಕು. ಟಾರ್ಚ್ ಹಿಡಿದು ಕೆಳಗೆ ನುಸುಳಿದಾಗ ಎಡಗಡೆಯ ಶಾಕ್‌ನ ಮೈಮೇಲೆ ಎಣ್ಣೆ ಜಿನುಗಿ, ಅದಕ್ಕೆ ಧೂಳು ಮೆತ್ತಿ, ಕಪ್ಪು ಹೆಪ್ಪುಗಟ್ಟಿತ್ತು. ಸತ್ತ ಶಾಕ್‌ನ ಪಕ್ಕದಲ್ಲೇ ನಾನು ಹೊಸ ಬ್ಯಾಗ್ ಕೂರಿಸಿದ್ದೆ!

ಹಿಂದಿನ ಎರಡೂ ಶಾಕ್‌ಗಳನ್ನು ಭಾರಕ್ಕೆ ತಕ್ಕವುಗಳಿಗೆ ಬದಲಿಸಿದ ದಿನವೇ ತೊನೆದಾಟ ಮುಕ್ಕಾಲು ಪಾಲು ಹೋಯಿತು. ಆಮೇಲಷ್ಟೇ, ಮೊದಲೇ ಮಾಡಬೇಕಿದ್ದ ಕೆಲಸಕ್ಕೆ ಬಂದೆ: ನೀರು, ಇಂಧನ, ಗ್ಯಾಸ್ ಸಿಲಿಂಡರ್, ಜನ, ಸಾಮಾನು ಎಲ್ಲವೂ ಇದ್ದಂತೆಯೇ ವಾಹನವನ್ನು ವೇಬ್ರಿಜ್ ಮೇಲೆ ನಿಲ್ಲಿಸಿ, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ಭಾರವನ್ನು ಬೇರೆಬೇರೆಯಾಗಿ ತೂಗಿಸಿದೆ. ಹಿಂದಿನ ಆಕ್ಸಲ್ ಮೇಲೆ ಮಿತಿಗಿಂತ 90 ಕೆಜಿ ಹೆಚ್ಚಿತ್ತು. ಮುಂದಿನದು ಖಾಲಿ ಇದ್ದಾಗಿನದಕ್ಕಿಂತಲೂ ಹಗುರವಾಗಿತ್ತು. ಹೊರೆಯ ಗುರುತ್ವಕೇಂದ್ರ ಹಿಂದಿನ ಆಕ್ಸಲ್‌ಗಿಂತ ಹಿಂದಕ್ಕೆ ಹೋದರೆ ತಕ್ಕಡಿಯಂತೆ ಮೂಗು ಮೇಲೇಳುತ್ತದೆ, ಸ್ಟೇರಿಂಗ್ ಹಗುರಾದದ್ದೂ ಅದರಿಂದಲೇ. ಏರ್ ಬ್ಯಾಗ್ ಎತ್ತರವನ್ನು ಕೊಡುತ್ತದೆಯೇ ಹೊರತು ತಯಾರಕರು ನಿಗದಿ ಮಾಡಿದ ಮಿತಿಯನ್ನು ಒಂದು ಕಿಲೋ ಕೂಡ ಹೆಚ್ಚಿಸುವುದಿಲ್ಲ. ಲೀಟರ್ ನೀರೆಂದರೆ ಒಂದು ಕಿಲೋ. ಹಿಂಬದಿಯಲ್ಲಿದ್ದ 120 ಲೀಟರ್ ಟ್ಯಾಂಕಿನಲ್ಲಿ ಈಗ 30 ಲೀಟರ್ ಮಾತ್ರ ಒಯ್ಯುತ್ತೇನೆ. ಉಪಕರಣಗಳ ಪೆಟ್ಟಿಗೆಯನ್ನು ಹಿಂದಿನ ಬಾಗಿಲ ಬಳಿಯಿಂದ ಕ್ಯಾಬಿನ್ನಿನ ಬೆನ್ನಿಗೆ ತಂದಿದ್ದೇನೆ.

ಟಯರಿನ ವಿಷಯದಲ್ಲೂ ದಡ್ಡತನ ಮಾಡಿದ್ದೆ. ಟಯರಿನ ಬದಿಯಲ್ಲಿ 80 ಪಿಎಸ್ಐ ಎಂದು ಬರೆದಿದೆಯೆಂದು ನಾಲ್ಕಕ್ಕೂ ಅಷ್ಟೇ ತುಂಬಿಸುತ್ತಿದ್ದೆ. ಅದು ಆ ಟಯರ್ ತನ್ನ ಗರಿಷ್ಠ ಭಾರ ಹೊರುವಾಗಿನ ಲೆಕ್ಕ. ತೂಕದ ಚೀಟಿ ಕೈಯಲ್ಲಿದ್ದರೆ, ಟಯರ್ ಕಂಪನಿ ಕೊಡುವ ಕೋಷ್ಟಕದಲ್ಲಿ ಆ ಭಾರಕ್ಕೆ ಬೇಕಾದ ಒತ್ತಡ ಸಿಗುತ್ತದೆ. ಬಾಗಿಲ ಚೌಕಟ್ಟಿನಲ್ಲಿ ವಾಹನ ತಯಾರಕರು ಅಂಟಿಸಿದ ಚೀಟಿಯಲ್ಲಿರುವ ಒತ್ತಡಕ್ಕಿಂತ ಮಾತ್ರ ಕೆಳಗಿಳಿಸಬಾರದು. ಹಾಗೆ ನೋಡಿ ಮುಂದಿನ ಟಯರುಗಳ ಗಾಳಿ ಇಳಿಸಿದ ಮೇಲೆ ಅಂಗೈಗೆ ಬರುತ್ತಿದ್ದ ಸಣ್ಣ ನಡುಕ ನಿಂತಿತು. ಒತ್ತಡವನ್ನು ಹೊರಡುವ ಮೊದಲು, ಟಯರ್ ತಣ್ಣಗಿದ್ದಾಗಲೇ ನೋಡಬೇಕು, ಏಕೆಂದರೆ ಓಡುತ್ತ ಬಿಸಿಯಾದಂತೆ ಅದು ತಾನಾಗಿ ಏರುತ್ತದೆ.

ಬ್ಯಾಗ್‌ಗಳನ್ನು ಕಿತ್ತೆಸೆಯಲಿಲ್ಲ. ಕ್ಯಾಂಪರ್ ಕೂರಿಸುವ ಮೊದಲು ಚಕ್ರದ ಕಮಾನಿನಿಂದ ನೆಲದವರೆಗೆ ಟೇಪು ಹಿಡಿದು ಅಳೆದು, ಕೂರಿಸಿದ ಮೇಲೆ ಐದೈದೇ ಪಿಎಸ್ಐ ಏರಿಸುತ್ತ, ಇಳಿದದ್ದರಲ್ಲಿ ಅರ್ಧದಷ್ಟು ಎತ್ತರ ಮರಳಿದಾಗ ನಿಲ್ಲಿಸುತ್ತೇನೆ. ನನ್ನ ಹೊರೆಗೆ ಅದು 25ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಎಡ ಬಲಗಳಿಗೆ ಬೇರೆ ಬೇರೆ ಕೊಳವೆಗಳಿರಲೇಬೇಕು. ಒಂದೇ ಕೊಳವೆಯಾದರೆ ತಿರುವಿನಲ್ಲಿ ಒತ್ತಿದ ಕಡೆಯ ಗಾಳಿ ಎದುರು ಬದಿಗೆ ಹರಿದು, ವಾಹನ ಇನ್ನಷ್ಟು ವಾಲುತ್ತದೆ.

ಈಗ ಅದೇ ಸೇತುವೆಯ ಮೇಲೆ ಹಿಂಭಾಗ ಒಮ್ಮೆ ಕುಸಿದು, ಎದ್ದು, ಸುಮ್ಮನಾಗುತ್ತದೆ. ತಿರುವುಗಳಲ್ಲಿ ಮಾತ್ರ ಕ್ಯಾಂಪರಿನೊಳಗಿನ ಮೇಲಿನ ಕಪಾಟು ಇನ್ನೂ ತೆರೆದುಕೊಳ್ಳುತ್ತಿದೆ. ಅಡ್ಡ ವಾಲಾಟಕ್ಕೆ ಹಿಂದಿನ ಆಂಟಿ-ರೋಲ್ ಬಾರ್ ಹಾಕಿಸಬೇಕು. ಅಲ್ಲಿಯವರೆಗೆ ಕಪಾಟಿಗೊಂದು ಚಿಲಕ.