ಟಯರ್ ಗುಮಾಸ್ತ ಕಂಡ ದಾರಿ

ಬೆಳಗಾವಿಯ ಶಹಾಪುರದಲ್ಲಿ ನಮ್ಮದು ಸೀರೆಗಳ ಸಗಟು ಅಂಗಡಿ. ವಡಗಾವಿಯ ಮಗ್ಗಗಳಿಂದ ಬಂದ ಸೀರೆಗಳನ್ನು ಗಂಟು ಕಟ್ಟಿ, ಗೋಣಿತಟ್ಟು ಹೊದಿಸಿ, ದಬ್ಬಣದಿಂದ ಹೊಲಿದು, ಮೇಲೆ ನೀಲಿ ಶಾಯಿಯಲ್ಲಿ ಊರಿನ ಹೆಸರು ಬರೆದು ಲಾರಿಗೆ ಹಾಕಿಸುವುದು ಮೂವತ್ತು ವರ್ಷಗಳಿಂದ ನನ್ನ ಕೆಲಸ. ಲಾರಿಯವರು ಕೊಡುವ ರಸೀದಿ, ಅಂದರೆ ಬಿಲ್ಟಿ, ಕೈಗೆ ಬಂದ ಮೇಲೂ ಮಾಲು ಮುಟ್ಟಿತೆಂಬ ಸುದ್ದಿ ಬರುವವರೆಗೆ ಜೀವಕ್ಕೆ ಸಮಾಧಾನವಿರುವುದಿಲ್ಲ. ಒಂದು ವರ್ಷ ದೀಪಾವಳಿಗೆಂದು ಕಳಿಸಿದ ಆರು ಗಂಟುಗಳು ಹಬ್ಬ ಮುಗಿದ ಮೇಲೆ ತಲುಪಿ, ಅಷ್ಟೂ ಮಾಲು ಮರಳಿ ಬಂದಿತ್ತು. ನೈಜೀರಿಯಾದ ಇಗ್ಬೊ ಜನಾಂಗದ ವ್ಯಾಪಾರಿ ಲೂಯಿಸ್ ಒಡುಮೆಗ್ವು ಒಜುಕ್ವು ಅವರ ಬದುಕು ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕಾರಣಕ್ಕೇ.

1909ರಲ್ಲಿ ಹುಟ್ಟಿದ, ನ್ನೆವಿ ಊರಿನ ಮನೆತನದ ಈ ಮನುಷ್ಯ ಜಾನ್ ಹೋಲ್ಟ್ ಎಂಬ ಬ್ರಿಟಿಷ್ ಕಂಪನಿಯಲ್ಲಿ ಟಯರ್ ಮಾರುವ ಗುಮಾಸ್ತರಾಗಿದ್ದರು. ಸಂಬಳ ಸಾಲದೆ ಒನಿಚಾದಲ್ಲಿ ಬಟ್ಟೆಯ ವ್ಯಾಪಾರವನ್ನೂ ಇಟ್ಟುಕೊಂಡಿದ್ದರು. ಒನಿಚಾ ನೈಜರ್ ನದಿಯ ಪೂರ್ವ ದಂಡೆಯ ದೊಡ್ಡ ಪೇಟೆ. ಲಾಗೋಸ್ ಬಂದರಿನಿಂದ ಅಲ್ಲಿಗೆ ರಸ್ತೆಯ ದೂರ ಹೆಚ್ಚುಕಡಿಮೆ ನಮ್ಮಿಂದ ಬೆಂಗಳೂರಿಗೆ ಇರುವಷ್ಟೇ. ಆದರೆ ಕೊನೆಗೆ ಎದುರು ದಂಡೆಯ ಅಸಾಬಾದಲ್ಲಿ ಸೇತುವೆಯಿಲ್ಲದ ಆ ಮಹಾನದಿಯನ್ನು ದೋಣಿಯ ಮೇಲೆ ದಾಟಬೇಕಿತ್ತು. ತಮ್ಮ ಜೊತೆಯ ಬಟ್ಟೆ ವ್ಯಾಪಾರಿಗಳು ಸಾಗಣೆಗಾಗಿ ಪಡುತ್ತಿದ್ದ ಪಾಡನ್ನು ಟಯರ್ ಮಾರುತ್ತಲೇ ಕಂಡ ಒಜುಕ್ವು ನೌಕರಿ ಬಿಟ್ಟು ಲಾರಿ ಕಂಪನಿ ತೆರೆದರು. ಆ ಪಾಡು ಉಳಿದವರ ಕಣ್ಣಿಗೂ ಬಿದ್ದಿರಲೇಬೇಕು, ಆದರೆ ಬರುತ್ತಿದ್ದ ಸಂಬಳ ಬಿಟ್ಟು ಅದಕ್ಕೆ ಕೈಹಾಕಿದ್ದೇ ಅವರ ದೊಡ್ಡತನವೆಂದು ನನಗೆ ಅನ್ನಿಸುತ್ತದೆ.

ಎರಡನೆಯ ಮಹಾಯುದ್ಧದ ನಂತರ ವ್ಯಾಪಾರ ಬೆಳೆದಂತೆ ಅವರೂ ಬೆಳೆದು, ದೇಶದ ಅತಿ ಶ್ರೀಮಂತರ ಸಾಲಿಗೆ ಸೇರಿ, ‘ಸರ್’ ಪದವಿ ಪಡೆದು, 1960ರಲ್ಲಿ ಸ್ಥಾಪನೆಯಾದ ಲಾಗೋಸ್ ಷೇರುಪೇಟೆಗೆ ಮೊದಲ ಅಧ್ಯಕ್ಷರಾದರು. ಎನ್‌ಸಿಎನ್‌ಸಿ ಪಕ್ಷದಿಂದ ಸಂಸತ್ತಿಗೂ ಹೋದರು. 1976ರಲ್ಲಿ ಒಂದೇ ಲಾರಿಯಿಂದ ಆರಂಭಿಸಿ ಮೂರು ಸಲ ಲೋಕಸಭೆಗೆ ಆರಿಸಿಬಂದ ವಿಜಯ ಸಂಕೇಶ್ವರರನ್ನು ಕಂಡ ನಮ್ಮ ಭಾಗದವರಿಗೆ ಲಾರಿಯಿಂದ ಸಂಸತ್ತಿಗೆ ಹೋಗುವ ಈ ದಾರಿ ಹೊಸದಲ್ಲ. ಆದರೂ ಒಜುಕ್ವು ಅವರ ರಾಜಕಾರಣಕ್ಕಿಂತ ಅವರ ಲಾರಿಗಳೇ ಜನರಿಗೆ ಹೆಚ್ಚು ಉಪಕಾರ ಮಾಡಿದವು ಎಂದು ನಾನು ನಂಬಿದ್ದೇನೆ.

ಅವರ ಮಗ ಚುಕ್ವುಎಮೆಕಾ ಆಕ್ಸ್‌ಫರ್ಡ್‌ನಲ್ಲಿ ಓದಿ ಬಂದವನು. ತಂದೆಯ ಗಾದಿಗೆ ಬರಲೊಪ್ಪದೆ, ಅವರ ಇಚ್ಛೆಗೆ ವಿರುದ್ಧವಾಗಿ 1957ರಲ್ಲಿ ಸೈನ್ಯ ಸೇರಿದ. ಮಗನನ್ನು ಅಂಗಡಿಯಲ್ಲಿ ಕೂರಿಸಬೇಕೆಂದು ಆಸೆಪಟ್ಟ ಯಾವ ತಂದೆಗೂ ಆ ಸಂಕಟ ಅರ್ಥವಾದೀತು. 1965ರ ಕೊನೆಯ ಹೊತ್ತಿಗೆ ಅಸಾಬಾ ಮತ್ತು ಒನಿಚಾ ನಡುವೆ ಸೇತುವೆ ಮುಗಿದು, ಲಾರಿಗಳು ದೋಣಿಗಾಗಿ ಕಾಯದೆ ನೈಜರ್ ನದಿಯನ್ನು ದಾಟುವ ಕಾಲ ಬಂತು. 1966ರ ಸೆಪ್ಟೆಂಬರಿನಲ್ಲಿ ತಂದೆ ತೀರಿಕೊಂಡರು. 1967ರ ಮೇ 30ರಂದು, ಆಗ ಪೂರ್ವ ನೈಜೀರಿಯಾದ ಸೇನಾ ರಾಜ್ಯಪಾಲನಾಗಿದ್ದ ಮಗ ಆ ಭಾಗವನ್ನು ಬಯಾಫ್ರಾ ಎಂಬ ಸ್ವತಂತ್ರ ದೇಶವೆಂದು ಘೋಷಿಸಿದ, ಯುದ್ಧ ಹತ್ತಿತು. ಆ ಅಕ್ಟೋಬರಿನಲ್ಲಿ, ನೈಜೀರಿಯಾದ ಸೈನ್ಯ ಒನಿಚಾಕ್ಕೆ ಬಾರದಂತೆ ತಡೆಯಲು, ಮಗನ ಸೈನಿಕರೇ ಆ ಸೇತುವೆಯ ಒಂದು ಭಾಗವನ್ನು ಸಿಡಿಸಿ ನದಿಗೆ ಕೆಡವಿದರು.