ನೈಟಿಂಗೇಲ್ ಕೈಯಲ್ಲಿ ಬರೀ ದೀಪ ಇರಲಿಲ್ಲ

ಮೇ 12 ನರ್ಸುಗಳ ದಿನ. 1820ರಲ್ಲಿ ಅವತ್ತು, ಆಧುನಿಕ ನರ್ಸಿಂಗ್‌ಗೆ ಅಡಿಪಾಯ ಹಾಕಿದ ಬ್ರಿಟನ್ನಿನ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ್ದು. ಅವರ ಮೇಲೆ ನನಗೂ ಭಕ್ತಿಯಿದೆ. ಆದರೆ ಪ್ರತಿ ವರ್ಷ ಪೋಸ್ಟರ್‌ನಲ್ಲಿ ದೀಪ ಹಿಡಿದು ನಿಲ್ಲುವ ಆ ಶಾಂತಮೂರ್ತಿಯ ಮೇಲಲ್ಲ.

ಕಾರ್ಯಕ್ರಮ ಹೇಗಿರುತ್ತದೆ ಅಂತ ನರ್ಸುಗಳಿಗೆಲ್ಲ ಗೊತ್ತು. ಮೇಣದ ಬತ್ತಿ ಹಿಡಿದು ನೈಟಿಂಗೇಲ್ ಪ್ರತಿಜ್ಞೆ ಹೇಳುತ್ತೇವೆ. (ಅದನ್ನು ಅವರು ಬರೆದೇ ಇಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಬೇರೆಯವರು ಬರೆದು ಅವರ ಹೆಸರಿಟ್ಟರು.) ಆಮೇಲೆ ಭಾಷಣ. ನೀವು ದೇವತೆಗಳು, ತಾಯಂದಿರು, ಹಾಗೆ ಹೀಗೆ. ದೇವತೆಗಳಿಗೆ ಕಾಲು ನೋಯಲ್ಲ, ಸಂಬಳವೂ ಬೇಡ, ಅನುಕೂಲ ಅಲ್ವಾ? ಅಷ್ಟರಲ್ಲಿ ಯಾರದೋ ಡ್ರಿಪ್ ಮುಗಿದಿರುತ್ತದೆ, ಕೇಕ್ ಬಿಟ್ಟು ಓಡುತ್ತೇವೆ.

ನನಗೆ ಇಷ್ಟವಾಗುವ ನೈಟಿಂಗೇಲ್ ಲೆಕ್ಕದವರು. ರಷ್ಯಾ ವಿರುದ್ಧ ಬ್ರಿಟನ್ ಮತ್ತದರ ಮಿತ್ರರು ಹೋರಾಡಿದ ಕ್ರಿಮಿಯಾ ಯುದ್ಧದ ಹೊತ್ತಿಗೆ, 1854ರಲ್ಲಿ, ಅವರು ಸ್ಕುಟಾರಿಯ (ಈಗಿನ ಟರ್ಕಿಯ ಇಸ್ತಾಂಬುಲ್‌ನ ಭಾಗ) ಬ್ರಿಟಿಷ್ ಮಿಲಿಟರಿ ಆಸ್ಪತ್ರೆಗೆ ಹೋದರು. ವಾಪಸ್ ಬಂದ ಮೇಲೆ ಸೈನಿಕರ ಸಾವಿನ ಲೆಕ್ಕ ಹಿಡಿದು ಕೂತರು. 1858ರಲ್ಲಿ ಅಚ್ಚಾದ ಅವರ ಚಿತ್ರವೊಂದಿದೆ. ಸುತ್ತ ಹನ್ನೆರಡು ತಿಂಗಳು, ತಿಂಗಳಿಗೊಂದು ಹೋಳು; ಸತ್ತವರು ಜಾಸ್ತಿಯಾದಷ್ಟೂ ಹೋಳು ದೊಡ್ಡದು. ಗಾಯದಿಂದ ಸತ್ತವರು ಕೆಂಪು. ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರು ನೀಲಿ. ಉಳಿದವರು ಕಪ್ಪು. 1855ರ ಜನವರಿಯ ಹೋಳು ನೋಡಬೇಕು. ನೀಲಿ ಎಲ್ಲವನ್ನೂ ಮೀರಿ ಚಾಚಿಕೊಂಡಿದೆ, ಕೆಂಪು ಒಳಗೆಲ್ಲೋ ಒಂದು ಚೂರು. ಗುಂಡಿಗಿಂತ ಜಾಸ್ತಿ ಜನರನ್ನು ಕೊಂದದ್ದು ಕಾಲರಾ, ಟೈಫಸ್, ಭೇದಿ. ಮಾರ್ಚ್‌ನಲ್ಲಿ ಬ್ರಿಟಿಷ್ ಸರ್ಕಾರ ಕಳಿಸಿದ ಸ್ಯಾನಿಟರಿ ಕಮಿಷನ್ (ನೈರ್ಮಲ್ಯ ತಪಾಸಣೆಯ ತಂಡ) ಬಂದು ಚರಂಡಿ ತೊಳೆಸಿ, ವಾರ್ಡುಗಳಲ್ಲಿ ಗಾಳಿ ಆಡುವ ಹಾಗೆ ಮಾಡಿದ ಮೇಲೆ ನೀಲಿ ಕುಗ್ಗುತ್ತಾ ಹೋಗುತ್ತದೆ. ಓದೋಕೆ ಬೇಜಾರು ಪಡುವ ದೊಡ್ಡವರಿಗೂ ಒಂದೇ ನೋಟಕ್ಕೆ ತಿಳಿಯಲಿ ಅಂತ ಬಣ್ಣ ಹಾಕಿದ್ದು. ಮಹಾ ಜಾಣೆ.

ರಾತ್ರಿ ಎರಡು ಗಂಟೆಗೆ ಬಗ್ಗಿ ಯೂರಿನ್ ಬ್ಯಾಗಿನ ಗೆರೆ ನೋಡುವಾಗ ನನಗೆ ನೆನಪಾಗುವುದು ಆ ನೈಟಿಂಗೇಲ್. ದೊಡ್ಡವರಲ್ಲಿ ಮೂತ್ರ ಗಂಟೆಗೆ 30 ಎಂಎಲ್‌ಗಿಂತ ಕಡಿಮೆ ಬಂದರೆ ಕಿಡ್ನಿಗೆ ತೊಂದರೆಯಾಗುತ್ತಿರಬಹುದು, ಡ್ಯೂಟಿ ಡಾಕ್ಟರನ್ನು ಎಬ್ಬಿಸಲೇಬೇಕು. ಅವರು ಗೊಣಗಿದರೂ ಸರಿ. ರೋಗಿ "ಚೆನ್ನಾಗಿದೀನಿ ಸಿಸ್ಟರ್" ಅಂತ ನಗುತ್ತಿದ್ದರೂ ಚಾರ್ಟ್ ಬೇರೆ ಕತೆ ಹೇಳುತ್ತಿರುತ್ತದೆ. ಸೇವಾಭಾವ ಇರಲಿ, ಬೇಡ ಅನ್ನಲ್ಲ. ಆದರೆ ಆ ಹೊತ್ತಿನಲ್ಲಿ ಜೀವ ಉಳಿಸೋದು ಸರಿಯಾಗಿ ಬರೆದಿಟ್ಟ ಅಂಕಿ. ಒಬ್ಬಳೇ ಇಡೀ ವಾರ್ಡ್ ನೋಡಿಕೊಳ್ಳುವಾಗ ತಪ್ಪಿಹೋಗೋದೂ ಅದೇ.

ಈ ವರ್ಷ ಸ್ಟೂಡೆಂಟ್‌ಗಳಿಗೆ ನಾಲ್ಕು ಮಾತು ಹೇಳಿ ಅಂತ ನನಗೆ ಗಂಟು ಹಾಕಿದ್ದಾರೆ. ಆ ಚಿತ್ರ ತೋರಿಸುತ್ತೇನೆ. ಪಕ್ಕದಲ್ಲೇ ನಮ್ಮ ನೈಟ್ ಡ್ಯೂಟಿ ಪಟ್ಟಿ ಇಡುತ್ತೇನೆ: ಎಷ್ಟು ಬೆಡ್ಡಿಗೆ ಎಷ್ಟು ಜನ. ಬಣ್ಣ ಅವರೇ ತುಂಬಲಿ.