ಒಂದೇ ಊರು, ಮನೆಗೊಂದು ಮಳೆ

ಜುಲೈನಲ್ಲಿ ಮೂಡಿಗೆರೆ ಕಡೆ ಮಳೆ ರಜೆ ಕೊಟ್ಟರೆ ಮಕ್ಕಳಿಗೆ ಖುಷಿ, ಟೀಚರ್‌ಗಳಾದ ನಮಗೆ ಗೂಗಲ್ ಫಾರ್ಮ್. ರಜೆಯ ಮೆಸೇಜಿನ ಬೆನ್ನಿಗೇ ಇನ್ನೊಂದು ಬರುತ್ತದೆ: ಮನೆಯಲ್ಲೇ ಮಕ್ಕಳಿಂದ ಚಟುವಟಿಕೆ ಮಾಡಿಸಿ, ಸಂಜೆಯೊಳಗೆ ಫೋಟೊ ಅಪ್‌ಲೋಡ್ ಮಾಡಿ. ಮಳೆ ಜೋರಾದರೆ ಕರೆಂಟ್ ಇಲ್ಲ, ಕರೆಂಟ್ ಹೋದರೆ ಟವರ್ ಇಲ್ಲ. ಸಂಜೆಯೊಳಗೆ ಅಂತೆ!

ಹೋದ ಮಳೆಗಾಲದಲ್ಲಿ ಹವಾಮಾನದ ಸರದಿ. ಪರಿಸರ ಅಧ್ಯಯನದ ಪಾಠ ಓದಿ, ಒಂದು ಮಳೆಮಾಪಕ ಮಾಡಿ ಅಂತ ಪೋಷಕರ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕಿದೆ. ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ ತಲೆಕೆಳಗಾಗಿ ಅದರೊಳಗೇ ಇಡಿ, ಪಕ್ಕಕ್ಕೆ ಸ್ಕೇಲ್ ಅಂಟಿಸಿ, ಅಂಗಳದಲ್ಲಿಟ್ಟು ನಾಳೆ ಬೆಳಗ್ಗೆ ಎಂಟೂವರೆಗೆ ನೋಡಿ. ಎಂಟೂವರೆ ಯಾಕೆ ಅಂದರೆ ಹವಾಮಾನ ಇಲಾಖೆಯವರು ಹಿಂದಿನ 24 ಗಂಟೆಯ ಮಳೆ ಲೆಕ್ಕ ಹಾಕೋದು ಆ ಹೊತ್ತಿಗೆ. ನಾನು ರಾಯಚೂರು ಕಡೆಯವಳು. ನಮ್ಮೂರಲ್ಲಿ ಬಾಟಲಿ ಇಟ್ಟರೆ ಧೂಳು ತುಂಬುತ್ತದೆ. ಇಲ್ಲಿ ಮಳೆ ಅಳೆಯೋದು ಎಷ್ಟು ಹೊತ್ತಿನ ಕೆಲಸ ಅಂದುಕೊಂಡೆ.

ಉತ್ತರಗಳು ಬಂದವು. ಒಂದು ಮನೆಯಲ್ಲಿ 104 ಮಿಲಿಮೀಟರ್. ಪಕ್ಕದ ಮನೆಯಲ್ಲಿ 61. ತೋಟದ ಲೈನಿನಿಂದ, ಅಂದರೆ ಕೂಲಿಯವರ ಸಾಲುಮನೆಗಳಿಂದ, 18. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಬಾಟಲಿ ಫೋಟೊ ಕಳಿಸಲೇ ಇಲ್ಲ, ಸುಮ್ನೆ '1-80' ಅಂತ ಬರೆದಿದ್ದಳು. ಪಾಠದ ಸಂಖ್ಯೆಯೋ, ತಪ್ಪಾಗಿ ಒತ್ತಿದ್ದೋ ಅಂತ ಆ ಮನೆಯ ಜಾಗ ಖಾಲಿ ಬಿಟ್ಟೆ. ಉಳಿದದ್ದನ್ನು ಬಣ್ಣದ ಪಟ್ಟಿ ಮಾಡಿ ಕಳಿಸಿದೆ. ಚೆನ್ನಾಗಿ ಕಾಣುತ್ತಿತ್ತು, ಅದೇ ತೊಂದರೆ ಆಗಿದ್ದು.

ಮುಂದಿನ ಸಮಾಲೋಚನಾ ಸಭೆಯಲ್ಲಿ ಸಿಆರ್‌ಪಿ (ಸುತ್ತಲಿನ ಶಾಲೆಗಳ ಕ್ಲಸ್ಟರ್ ನೋಡಿಕೊಳ್ಳುವವರು) ಆ ಪಟ್ಟಿಯನ್ನೇ ಪ್ರೊಜೆಕ್ಟರ್‌ಗೆ ಹಾಕಿದರು, ಮಾದರಿ ಚಟುವಟಿಕೆ ಅಂತ. ಮೇಲಿನಿಂದ ಬಂದಿದ್ದ ಅಧಿಕಾರಿ ಕನ್ನಡಕ ಏರಿಸಿಕೊಂಡು ಓದಿದರು. "ಮೇಡಂ, ಇದೆಲ್ಲ ಒಂದೇ ಊರಾ?"

"ಹೌದು ಸರ್."

"ಒಂದೇ ದಿನ?"

"ಹೌದು ಸರ್."

"ಹಾಗಾದ್ರೆ ನಿಮ್ಮೂರಲ್ಲಿ ಮನೆಗೊಂದು ಮೋಡ ಇದೆ ಅನ್ನಿ."

ಇಡೀ ಕ್ಲಸ್ಟರ್ ನಕ್ಕಿತು. ಮಲೆನಾಡಲ್ಲಿ ಗುಡ್ಡದಿಂದ ಗುಡ್ಡಕ್ಕೆ ಮಳೆ ಬೇರೆ ಸರ್ ಅಂದೆ. ಮಾತೇನೋ ನಿಜ, ಆದರೆ ಆ ಎರಡು ಮನೆಗಳ ನಡುವೆ ಗುಡ್ಡ ಇಲ್ಲ, ಒಂದು ದನದ ಕೊಟ್ಟಿಗೆ ಇದೆ. ಅದನ್ನು ಹೇಳೋಕೆ ನಮ್ಮ ಹೆಡ್‌ಮಾಸ್ಟರೇ ಸಾಕಾಯಿತು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ. ಅಂದರೆ ನನ್ನ ಪಟ್ಟಿಯ ಪ್ರಕಾರ ಒಂದು ಮನೆಗೆ ಭಾರಿ, ಕೊಟ್ಟಿಗೆ ಆಚೆ ಸಾಧಾರಣ. ಅಧಿಕಾರಿ ಖಾಲಿ ಜಾಗದ ಮೇಲೆ ಬೆರಳಿಟ್ಟು "ಇವರ ಮನೆಗೆ ಮಳೆಯೇ ಬರಲಿಲ್ವಾ?" ಅಂದರು. '1-80' ವಿಷಯ ಹೇಳಿದೆ. ಹಿಂದಿನ ಸಾಲಲ್ಲಿದ್ದ ಸ್ಥಳೀಯ ಮೇಷ್ಟ್ರೊಬ್ಬರು ತಲೆ ಎತ್ತದೇ ಅಂದರು: "ಒಂದು ಇಂಚು ಎಂಬತ್ತು ಸೆಂಟ್ಸ್. ಅದೊಂದೇ ಸರಿ ಇರೋದು."

ಕಾಫಿ ತೋಟದವರ ಲೆಕ್ಕ ಅದು. ಒಂದು ಇಂಚಿಗೆ ನೂರು ಸೆಂಟ್ಸ್. 1.80 ಇಂಚನ್ನು 25.4ರಿಂದ ಗುಣಿಸಿದರೆ ಹತ್ತಿರ ಹತ್ತಿರ 46 ಮಿಲಿಮೀಟರ್. ನನಗೆ ಸೆಂಟ್ಸ್ ಅಂದರೆ ಸೈಟಿನ ಅಳತೆ.

ಆಮೇಲೆ ಮನೆಮನೆಗೆ ಹೋಗಿ ನೋಡಿದೆ. ಮೊದಲೇ ಹೋಗಬೇಕಿತ್ತು ಅಂತ ನೀವು ಹೇಳೋದು ಬೇಡ, ಹೆಡ್‌ಮಾಸ್ಟರ್ ಹೇಳಿಯಾಯಿತು. 104ರ ಮನೆಯಲ್ಲಿ ಬಾಟಲಿ ಕತ್ತರಿಸೋದು ಕಷ್ಟ ಅಂತ ಅಮ್ಮ ಸೀಮೆಎಣ್ಣೆ ಆಲಿಕೆ ಸಿಕ್ಕಿಸಿದ್ದರು. ಆಲಿಕೆಯ ಬಾಯಿ 12 ಸೆಂಟಿಮೀಟರ್, ಬಾಟಲಿಯದು 8. ಅಗಲ ಒಂದೂವರೆ ಪಟ್ಟಾದರೆ ಹಿಡಿಯೋ ನೀರು ಎರಡೂಕಾಲು ಪಟ್ಟು. 46ನ್ನು ಎರಡೂಕಾಲರಿಂದ ಗುಣಿಸಿ ನೋಡಿ, ಅಲ್ವಾ? 61ರ ಮನೆಯದು ಕೂಲ್‌ಡ್ರಿಂಕ್ ಬಾಟಲಿ. ಅದರ ತಳ ಸಪಾಟಿಲ್ಲ, ಉಬ್ಬುತಗ್ಗು. ಅಲ್ಲಿ ನೀರು ಹಿಡಿಯೋದು ಕಡಿಮೆ, ಹಾಗಾಗಿ ಮಟ್ಟ ಬೇಗ ಮೇಲೇರುತ್ತದೆ. 18 ಬಂದ ಬಾಟಲಿ ತೋಟದ ನೆರಳಿಗೆ ಬೆಳೆಸೋ ಸಿಲ್ವರ್ ಮರದ ಕೆಳಗಿತ್ತು. 'ಅಂಗಳದಲ್ಲಿ' ಅಂದಿದ್ದೆ, ಆ ಲೈನ್ ಮನೆಗೆ ಅಂಗಳ ಎಲ್ಲಿದೆ?

ಈಗ ಹೇಳೋದೇ ಬೇರೆ. ಆಲಿಕೆ ಬೇಡವೇ ಬೇಡ. ತಳಕ್ಕೆ ಸಣ್ಣ ಕಲ್ಲು ತುಂಬಿ, ಬಾಟಲಿ ನೆಟ್ಟಗಾಗುವ ಮಟ್ಟದವರೆಗೆ ನೀರು ಹಾಕಿ, ಅಲ್ಲಿಂದ ಸೊನ್ನೆ ಗುರುತು. ಕಲ್ಲು ಇದ್ದರೆ ಗಾಳಿಗೂ ಬೀಳಲ್ಲ. ಮರ, ಸೂರು ದೂರ ಇರಲಿ. ಜಾಗ ಇಲ್ಲದವರು ಶಾಲೆಯ ಕಟ್ಟೆ ಮೇಲೆ ಇಡಲಿ.

'1-80' ಹುಡುಗಿಯ ಅಜ್ಜ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದವರು. ಉದ್ದನೆಯ ರಿಜಿಸ್ಟರ್ ತಂದು ಮುಂದಿಟ್ಟರು. ದಿನಕ್ಕೊಂದು ಸಾಲು: ತಾರೀಕು, ಇಂಚು, ಸೆಂಟ್ಸ್, ಕೊನೆಯ ಕಾಲಂನಲ್ಲಿ ಮಳೆ ನಕ್ಷತ್ರ. ಮೃಗಶಿರಾ, ಆರಿದ್ರಾ, ಪುನರ್ವಸು. ಮಾರ್ಚ್ ಪುಟದಲ್ಲಿ ಕಾಫಿ ಗಿಡ ಹೂ ಬಿಡಿಸೋ ಹೂಮಳೆಗೆ ಕೆಂಪು ಶಾಯಿಯ ಅಡ್ಡಗೆರೆ. "ಇದು ತಪ್ಪಿದ್ರೆ ಆ ವರ್ಷದ ಕಾಫಿ ಕಥೆ ಅಷ್ಟೇ ಟೀಚರೇ" ಅಂದರು. ಇಂಥ ಪುಸ್ತಕ ನಮ್ಮ ಓದುವ ಮೂಲೆಯಲ್ಲಿ ಒಂದೂ ಇಲ್ಲ. ಮಕ್ಕಳು ಈಗ ಅದರಲ್ಲಿ ವಾರಕ್ಕೊಂದು ಪುಟ ತೆರೆದು ಇಂಚನ್ನು ಮಿಲಿಮೀಟರ್ ಮಾಡುತ್ತಾರೆ. ಗುಣಾಕಾರಕ್ಕೆ ಬೇರೆ ಲೆಕ್ಕ ಹುಡುಕೋದು ತಪ್ಪಿದೆ.

ಫಾರ್ಮ್ ಮಾತ್ರ ಬದಲಾಗಿಲ್ಲ. 45.7 ಹಾಕಿದರೆ ಕೆಂಪಕ್ಷರದಲ್ಲಿ ಬೈಯುತ್ತದೆ, ಪೂರ್ಣಸಂಖ್ಯೆಯೇ ಬೇಕಂತೆ. 'ಓದಿದ ಪುಸ್ತಕದ ಹೆಸರು' ಕಾಲಂನಲ್ಲಿ 'ಅಜ್ಜನ ಮಳೆ ರಿಜಿಸ್ಟರ್' ಅಂತ ಬರೆದದ್ದಕ್ಕೆ, ಪುಸ್ತಕದ ಮುಖಪುಟದ ಫೋಟೊ ಹಾಕಿ ಅಂತ ವಾಪಸ್ ಬಂದಿದೆ.